ಮೈನಸ್ 28ರಲ್ಲಿ ಹೊರಗೆ ನಿಂತ ಕುದುರೆ: ಅದಕ್ಕೆ ಚಳಿ ಆಗಲ್ವಾ?

ಪ್ರಶ್ನೆ: ನಾವು ದಾವಣಗೆರೆಯವರು. ಎರಡು ವರ್ಷದಿಂದ ಕೆನಡಾದ ಕ್ಯಾಲ್ಗರಿ ಹತ್ತಿರ ಇದ್ದೇವೆ. ಹನ್ನೆರಡು ವರ್ಷದ ಮಗಳಿಗೆ ಕುದುರೆ ಅಂದರೆ ಪ್ರಾಣ. ಊರಾಚೆಯ ಒಂದು ಲಾಯದಲ್ಲಿ ಕ್ವಾರ್ಟರ್ ಹಾರ್ಸ್ ಅನ್ನುವ ಅಮೆರಿಕನ್ ತಳಿಯ 17 ವರ್ಷದ ಹೆಣ್ಣು ಕುದುರೆಯೊಂದನ್ನು ವಾರಕ್ಕೆ ಮೂರು ದಿನದ ಲೆಕ್ಕದಲ್ಲಿ ಲೀಸ್‌ಗೆ ತೆಗೆದುಕೊಂಡಿದ್ದೇವೆ. ಹೋದ ವಾರ ಮೈನಸ್ 28 ಇತ್ತು. ಕುದುರೆ ಹೊರಗೇ ನಿಂತಿತ್ತು, ಬೆನ್ನ ಮೇಲೆಲ್ಲ ಹಿಮ. ನೋಡಿ ಮಗಳು ಅತ್ತುಬಿಟ್ಟಳು. ಲಾಯದವರು ‘ಏನೂ ಆಗಲ್ಲ’ ಅನ್ನುತ್ತಾರೆ. ಬ್ಲಾಂಕೆಟ್ ಕೊಡಿಸಬೇಕಾ? ಹುರುಳಿ ಬೇಯಿಸಿ ಕೊಟ್ಟರೆ ಮೈ ಬಿಸಿಯಾಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಎಷ್ಟು ಚಳಿಯವರೆಗೆ ಸವಾರಿ ಮಾಡಬಹುದು?

ಉತ್ತರ: ಮೊದಲು ಮಗಳಿಗೆ ಒಂದು ಸಮಾಧಾನದ ಮಾತು ಹೇಳಿ. ಅವಳನ್ನು ಅಳಿಸಿದ ಆ ಬೆನ್ನ ಮೇಲಿನ ಹಿಮ ಒಳ್ಳೆಯ ಸುದ್ದಿ. ಹಿಮ ಕರಗದೆ ಹಾಗೇ ಕೂತಿದೆ ಅಂದರೆ ಕುದುರೆಯ ಮೈಶಾಖ ಹೊರಗೆ ಸೋರುತ್ತಿಲ್ಲ ಅಂತ ಅರ್ಥ. ಕೂದಲಿನ ಬುಡದಲ್ಲಿ ಬೆಚ್ಚಗಿನ ಗಾಳಿ ನಿಂತಿದೆ, ಅದು ಮೇಲಿನವರೆಗೆ ಬರುತ್ತಿಲ್ಲ. ಹಿಮ ಕರಗಿ ನೀರಾಗಿ ಕೂದಲಿಗೆ ಇಳಿದು, ಬೆನ್ನು ತೊಪ್ಪೆಯಾಗಿದ್ದರೆ ಆಗ ನಾನೂ ಗಾಬರಿಯಾಗುತ್ತಿದ್ದೆ.

ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದವನು. ಬೆಂಗಳೂರಿನಲ್ಲಿ ಕುದುರೆಗಳ ಜೊತೆ ಇದ್ದಷ್ಟು ದಿನ ನಮ್ಮ ಚಿಂತೆಯೆಲ್ಲ ಸೆಕೆಯದೇ ಆಗಿತ್ತು. ಬೆವರು, ನೀರು, ನೆರಳು. ನೀವಿರುವ ಈ ಆಲ್ಬರ್ಟಾ ಪ್ರಾಂತ್ಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಿಮ್ಮ ಮಗಳ ಹಾಗೆಯೇ ನನಗೂ ಕರುಳು ಚುರ್ ಅಂದಿತ್ತು. ಈಗ ಅನ್ನಿಸುವುದು ಇಷ್ಟು: ನಮ್ಮ ಚಳಿಯೇ ಬೇರೆ, ಕುದುರೆಯ ಚಳಿಯೇ ಬೇರೆ. ನಮ್ಮ ಮೈಗೆ ಆದದ್ದನ್ನು ಅದಕ್ಕೆ ಆರೋಪಿಸಿ ನೋಡಿಕೊಳ್ಳಲು ಹೋದರೆ ಪ್ರೀತಿಯಿಂದಲೇ ತೊಂದರೆ ಮಾಡಿಬಿಡುತ್ತೇವೆ.

ಕುದುರೆಯ ಚಳಿಗಾಲದ ಕೂದಲು ಚಳಿ ಬಂದ ಮೇಲೆ ಬೆಳೆಯುವುದಲ್ಲ. ಬೇಸಿಗೆಯ ಕೊನೆಗೆ ಹಗಲು ಕಡಿಮೆಯಾಗತೊಡಗಿದ ಕೂಡಲೇ ಅದರ ಮೈ ಲೆಕ್ಕ ಹಾಕಿಕೊಳ್ಳುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಉದ್ದನೆಯ, ದಪ್ಪನೆಯ ಕೂದಲು ಸಿದ್ಧ. ಚಳಿ ಏರಿದಾಗ ಒಂದೊಂದು ಕೂದಲೂ ನೆಟ್ಟಗೆ ನಿಂತು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲುಗಳ ಬಗ್ಗೆಯೂ ಚಿಂತೆ ಬೇಡ. ಮೊಣಕಾಲಿನಿಂದ ಕೆಳಗೆ ಇರುವುದು ಹೆಚ್ಚಾಗಿ ಮೂಳೆ ಮತ್ತು ಸ್ನಾಯುರಜ್ಜು, ಮಾಂಸ ತೀರಾ ಕಡಿಮೆ. ಹಾಗಾಗಿ ಹಿಮದಲ್ಲಿ ಗಂಟೆಗಟ್ಟಲೆ ನಿಂತರೂ ನಮ್ಮ ಪಾದದ ಹಾಗೆ ಮರಗಟ್ಟುವುದಿಲ್ಲ.

ಹಾಗಾದರೆ ಕುದುರೆಗೆ ಚಳಿ ಶುರುವಾಗುವುದು ಎಲ್ಲಿ? ಮೈಯನ್ನು ಬೆಚ್ಚಗಿಡಲು ಹೆಚ್ಚುವರಿ ಶಕ್ತಿ ಸುಡಬೇಕಾದ ಒಂದು ಗಡಿ ಇದೆ. ಬೇಸಿಗೆಯ ತೆಳು ಕೂದಲಿದ್ದಾಗ ಅದು ಸುಮಾರು 5 ಡಿಗ್ರಿ. ಚಳಿಗಾಲದ ಕೂದಲು ಪೂರ್ತಿ ಬಂದು, ಮೈ ತುಂಬಿಕೊಂಡು, ಒಣಗಿದ್ದರೆ ಆ ಗಡಿ ಸುಮಾರು ಮೈನಸ್ 15ಕ್ಕೆ ಇಳಿಯುತ್ತದೆ. ಅದೇ ಕುದುರೆ ಮಳೆಯಲ್ಲೋ ಬೆವರಿನಲ್ಲೋ ನೆನೆದರೆ ಈ ಲೆಕ್ಕವೆಲ್ಲ ಬುಡಮೇಲು. 0 ಡಿಗ್ರಿಯಲ್ಲೇ ನಡುಗಬಹುದು. ಒಣಗಿದ ಕುದುರೆ ಮೈನಸ್ 15ರಲ್ಲಿ ಆರಾಮಾಗಿರುತ್ತದೆ, ನೆನೆದ ಕುದುರೆ ಪ್ಲಸ್ 2ರಲ್ಲಿ ಕಷ್ಟಪಡುತ್ತದೆ. ಇಲ್ಲಿಯ ಹಳೆಯ ರೈತರು ಜನವರಿಗಿಂತ ಅಕ್ಟೋಬರ್‌ನ ಮಳೆ-ಹಿಮ ಬೆರೆತ ಸಂಜೆಗಳಿಗೇ ಜಾಸ್ತಿ ಹೆದರುತ್ತಾರೆ.

ಕುದುರೆ ಎಷ್ಟು ಚಳಿಗೆ ಒಗ್ಗಿಕೊಳ್ಳಬಲ್ಲದು ಅಂತ ಮಗಳು ಕೇಳಿದರೆ ಸೈಬೀರಿಯಾದ ಯಾಕೂಟಿಯಾದ ಕುದುರೆಗಳ ಕಥೆ ಹೇಳಿ. ಅಲ್ಲಿಯ ಒಯ್ಮ್ಯಾಕೋನ್‌ನಲ್ಲಿ 1933ರಲ್ಲಿ ಮೈನಸ್ 67.7 ದಾಖಲಾಗಿದೆ. ಗಿಡ್ಡ ಕಾಲಿನ, ಕರಡಿಯಂಥ ಕೂದಲಿನ ಈ ಕುದುರೆಗಳು ವರ್ಷವಿಡೀ ಬಯಲಲ್ಲೇ ಇರುತ್ತವೆ, ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನುತ್ತವೆ. ಸುಮಾರು ಎಂಟುನೂರು ವರ್ಷದ ಹಿಂದೆ ಜನರ ಜೊತೆ ಬಂದ ಕುದುರೆಗಳ ಸಂತತಿಯೇ ಹೀಗೆ ಬದಲಾಯಿತು ಅಂತ 2015ರಲ್ಲಿ ವಂಶವಾಹಿ ಅಧ್ಯಯನದಿಂದ ಗೊತ್ತಾಯಿತು. ನಮ್ಮ ದೇಶದಲ್ಲೇ ಲಡಾಖ್‌ನ ಝನ್ಸ್ಕಾರಿ ಕುದುರೆಗಳಿವೆಯಲ್ಲ, ಅವೂ ಹೆಪ್ಪುಗಟ್ಟುವ ಬೆಟ್ಟಗಳಲ್ಲಿ ಹೊರೆ ಹೊತ್ತು ಬದುಕಿದವೇ. ನಿಮ್ಮ ಕ್ವಾರ್ಟರ್ ಹಾರ್ಸ್ ಅಷ್ಟು ಗಟ್ಟಿಯಲ್ಲ, ನಿಜ. ಆದರೆ ಮೈಯ ಏರ್ಪಾಡು ಅದೇ.

ಈಗ ಅತ್ತೆಯವರ ಹುರುಳಿ ವಿಚಾರ. ಅವರು ಹೇಳಿದ್ದು ಸುಮ್ನೆ ಮಾತಲ್ಲ. ನಮ್ಮ ಕಡೆ ಗಾಡಿ ಕುದುರೆಗಳಿಗೆ, ದಂಡಿನ ಕುದುರೆಗಳಿಗೆ ಹುರುಳಿ ನೆನೆಸಿ, ಬೇಯಿಸಿ ಕೊಡುತ್ತಿದ್ದದ್ದು ನಿಜ. ಇಂಗ್ಲಿಷಿನವರು ಹುರುಳಿಗೆ ಇಟ್ಟ ‘ಹಾರ್ಸ್ ಗ್ರಾಮ್’ ಅನ್ನುವ ಹೆಸರಿನಲ್ಲೇ ಕುದುರೆ ಇದೆ. ದುಡಿಯುವ ಪ್ರಾಣಿಗೆ ಅದು ಒಳ್ಳೆಯ ಪ್ರೋಟೀನು. ಆದರೆ ಇಲ್ಲಿ ಬೇಕಾದದ್ದು ಪ್ರೋಟೀನಲ್ಲ, ಒಲೆ. ಕುದುರೆಯ ಒಲೆ ಇರುವುದು ಅದರ ದೊಡ್ಡ ಕರುಳಿನಲ್ಲಿ. ಅಲ್ಲಿ ನೂರು ಲೀಟರಿಗೂ ಹೆಚ್ಚು ಜಾಗ ಇದೆ, ಅದರ ತುಂಬ ನಾರನ್ನು ಹುಳಿಬರಿಸುವ ಸೂಕ್ಷ್ಮಜೀವಿಗಳಿವೆ. ದೋಸೆ ಹಿಟ್ಟು ಹುಳಿ ಬರುವಾಗ ಪಾತ್ರೆ ಬೆಚ್ಚಗಾಗುವುದನ್ನು ಅತ್ತೆಯವರು ನೋಡಿರುತ್ತಾರೆ. ಒಣಹುಲ್ಲು ಕರುಳಿನಲ್ಲಿ ಹುಳಿ ಬರುವಾಗ ಅದೇ ಆಗುತ್ತದೆ, ಗಂಟೆಗಟ್ಟಲೆ. ಕಾಳು, ಓಟ್ಸ್, ಜೋಳ ಬೇಗ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಹೋಗುತ್ತವೆ, ಅಷ್ಟು ಹೊತ್ತು ಶಾಖ ಕೊಡುವುದಿಲ್ಲ. ಜೊತೆಗೆ, ಅಭ್ಯಾಸವಿಲ್ಲದ ಕುದುರೆಗೆ ಒಂದೇ ಸಲ ಬೋಗುಣಿ ತುಂಬ ಬೇಯಿಸಿದ ಕಾಳು ಇಟ್ಟರೆ ಹೊಟ್ಟೆಶೂಲೆ ಬರಬಹುದು. ಇಲ್ಲಿ ಕೆಲವರು ಚಳಿ ರಾತ್ರಿಗೆ ಅಂತ ಬಿಸಿ ಗೋಧಿ ಬೂಸಾ ಕಲಸಿ ಕೊಡುತ್ತಾರಲ್ಲ, ಅದಕ್ಕೂ ಇದೇ ಮಾತು. ಅಪರೂಪಕ್ಕೆ ಒಂದು ದಿನ ಆಹಾರ ಬದಲಿಸುವುದು ಕುದುರೆಯ ಹೊಟ್ಟೆಗೆ ಒಗ್ಗುವುದಿಲ್ಲ.

ಲೆಕ್ಕ ಹೇಳುತ್ತೇನೆ, ಲಾಯದವರ ಜೊತೆ ಮಾತಾಡಲು ಉಪಯೋಗಕ್ಕೆ ಬರುತ್ತದೆ. ನಿಮ್ಮ ಕುದುರೆ ಸುಮಾರು 500 ಕೆಜಿ ಇರಬಹುದು. ಸಾಮಾನ್ಯ ದಿನಕ್ಕೆ ಮೈತೂಕದ ಶೇ. 2ರಷ್ಟು, ಅಂದರೆ ಸುಮಾರು 10 ಕೆಜಿ ಒಣಹುಲ್ಲು. ಮೈನಸ್ 15ರ ಆ ಗಡಿಯಿಂದ ಕೆಳಗೆ ಇಳಿದ ಒಂದೊಂದು ಡಿಗ್ರಿಗೂ ಶೇ. 2ರಿಂದ 2.5ರಷ್ಟು ಹೆಚ್ಚು ಶಕ್ತಿ ಬೇಕು. ಮೈನಸ್ 28 ಅಂದರೆ ಗಡಿಗಿಂತ 13 ಡಿಗ್ರಿ ಕೆಳಗೆ. ಶೇ. 26ರಿಂದ 32. ಹತ್ತಿರ ಹತ್ತಿರ ಮೂರು ಕೆಜಿ ಹುಲ್ಲು ಜಾಸ್ತಿ. ಇದನ್ನು ಬೆಳಿಗ್ಗೆ ಒಂದೇ ಸಲ ಹಾಕುವುದಕ್ಕಿಂತ ರಾತ್ರಿಯ ಪಾಲನ್ನು ದೊಡ್ಡದು ಮಾಡಬೇಕು. ಚಳಿ ಕಚ್ಚುವುದು ಬೆಳಗಿನ ಜಾವ, ಆಗ ಕರುಳಿನಲ್ಲಿ ಒಲೆ ಉರಿಯುತ್ತಿರಬೇಕು. ‘ರಾತ್ರಿ ಎಷ್ಟು ಹೊತ್ತಿಗೆ ಹುಲ್ಲು ಖಾಲಿಯಾಗುತ್ತದೆ?’ ಅಂತ ಲಾಯದವರನ್ನು ಕೇಳಿ. ನನಗೆ ಬ್ಲಾಂಕೆಟ್ಟಿಗಿಂತ ಈ ಪ್ರಶ್ನೆಯೇ ಮುಖ್ಯ. ಇಡೀ ಗುಂಪಿಗೆ ದೊಡ್ಡ ಉರುಳೆ ಹುಲ್ಲು ಇಟ್ಟಿದ್ದರೆ ಇನ್ನೊಂದು ವಿಷಯ ನೋಡಬೇಕು. ಗುಂಪಿನ ಜೋರಿನ ಕುದುರೆಗಳು ವಯಸ್ಸಾದದ್ದನ್ನು ಓಡಿಸಿ ತಾವೇ ತಿನ್ನುತ್ತವೆ. ಹುಲ್ಲು ಎರಡು ಮೂರು ಕಡೆ ಇಟ್ಟರೆ ಎಲ್ಲಕ್ಕೂ ಸಿಗುತ್ತದೆ.

ಹದಿನೇಳು ವರ್ಷ ಅಂದಿರಿ. ತೀರಾ ಮುದುಕಿಯಲ್ಲ, ಆದರೆ ಹಲ್ಲು ತೋರಿಸುವ ವಯಸ್ಸು. ಹುಲ್ಲು ಅಗಿದು ಉಂಡೆ ಮಾಡಿ ಬಾಯಿಂದ ಕೆಡವುತ್ತಿದ್ದರೆ ಹಲ್ಲು ಸರಿಯಾಗಿ ಅರೆಯುತ್ತಿಲ್ಲ ಅಂತ ತಿಳಿಯಿರಿ. ಎಷ್ಟು ಹುಲ್ಲು ಹಾಕಿದರೂ ಒಲೆಗೆ ಸೌದೆ ಮುಟ್ಟುವುದಿಲ್ಲ. ಈ ಚಳಿಗಾಲ ಮುಗಿಯುವ ಮುಂಚೆ ಒಮ್ಮೆ ವೈದ್ಯರಿಂದ ಬಾಯಿ ನೋಡಿಸಿ.

ಹುಲ್ಲಿಗಿಂತ ಮುಂದೆ ನಿಲ್ಲುವುದು ನೀರು. ಚಳಿಗಾಲದಲ್ಲಿ ನನ್ನನ್ನು ಮಧ್ಯರಾತ್ರಿ ಎಬ್ಬಿಸಿದ ಕುದುರೆಗಳಲ್ಲಿ ಹೆಚ್ಚಿನವು ಚಳಿಯಿಂದ ನರಳಿದವಲ್ಲ, ನೀರು ಕುಡಿಯದೆ ಹೊಟ್ಟೆ ಕಟ್ಟಿಕೊಂಡವು. ಯೋಚನೆ ಮಾಡಿ. ಬೇಸಿಗೆಯ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಣಹುಲ್ಲಿನಲ್ಲಿ ಹತ್ತಕ್ಕೆ ಒಂದು ಪಾಲು. ಅಂದರೆ ಹತ್ತು ಕೆಜಿ ಹುಲ್ಲು ತಿಂದರೂ ಒಂದು ಲೀಟರು ನೀರು ಸಿಕ್ಕಿತು ಅಷ್ಟೇ. ಉಳಿದ 25-40 ಲೀಟರು ತೊಟ್ಟಿಯಿಂದಲೇ ಬರಬೇಕು. ಅದೇ ಹೊತ್ತಿಗೆ ನೀರು ಐಸಿನಂತೆ ತಣ್ಣಗಿರುತ್ತದೆ, ಕುದುರೆ ನಾಲ್ಕು ಗುಟುಕು ಕುಡಿದು ಮುಖ ಎತ್ತುತ್ತದೆ. ಹೀಗೆ ಎರಡು ಮೂರು ವಾರ ನಡೆದರೆ ಕರುಳಿನೊಳಗಿನ ಹುಲ್ಲು ಒಣಗಿ ಗಟ್ಟಿಯಾಗುತ್ತದೆ. ಲದ್ದಿ ಕಡಿಮೆಯಾಗುತ್ತದೆ, ಸಣ್ಣ ಸಣ್ಣ ಒಣ ಉಂಡೆಯಾಗಿ, ಮೇಲೆ ಲೋಳೆ ಮೆತ್ತಿಕೊಂಡು ಬರುತ್ತದೆ. ಆಮೇಲೆ ಕುದುರೆ ತಿನ್ನುವುದು ಬಿಡುತ್ತದೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ. ಅಷ್ಟಾದರೆ ಕಾಯುವುದು ಬೇಡ, ಕೂಡಲೇ ವೈದ್ಯರನ್ನು ಕರೆಸಿ. ದಯವಿಟ್ಟು ಯಾರ ಮಾತು ಕೇಳಿಯೂ ಬಾಯಿಗೆ ಎಣ್ಣೆ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಹೋದರೆ ಹೊಟ್ಟೆನೋವಿಗಿಂತ ದೊಡ್ಡ ಅನಾಹುತ.

ಹಿಮ ತಿಂದು ನೀರಿನ ಕೊರತೆ ತುಂಬಿಸಿಕೊಳ್ಳುತ್ತದೆ ಅಂತ ಯಾರಾದರೂ ಹೇಳಬಹುದು. ಹಗುರ ಹಿಮ ಹತ್ತು ಬಕೆಟ್ ಕರಗಿದರೆ ಸಿಗುವುದು ಒಂದು ಬಕೆಟ್ ನೀರು. ಮೇಲಾಗಿ ಅದನ್ನು ಕರಗಿಸಲು ಹೊಟ್ಟೆಯ ಶಾಖವೇ ಖರ್ಚಾಗುತ್ತದೆ. ಹಿಮದ ಮೇಲೆಯೇ ಬದುಕುವುದಕ್ಕೆ ಒಗ್ಗಿಕೊಂಡ ಕುದುರೆಗಳು ಇವೆ, ಲಾಯದ ಕುದುರೆಯನ್ನು ಆ ಲೆಕ್ಕದಲ್ಲಿ ಬಿಡಬಾರದು. ತೊಟ್ಟಿಗೆ ಹೀಟರ್ ಇರಬೇಕು. ಹೀಟರ್ ಇದೆ ಅಂತ ಕೇಳಿ ಸುಮ್ಮನಾಗಬೇಡಿ. ಕೈಗವಸು ತೆಗೆದು ಬೆರಳು ಅದ್ದಿ ನೋಡಿ. ತಂತಿಯಲ್ಲಿ ಸಣ್ಣ ದೋಷವಿದ್ದು ನೀರಿಗೆ ವಿದ್ಯುತ್ ಸೋರುತ್ತಿದ್ದರೆ ನಮಗೆ ದಪ್ಪ ಬೂಟಿನಲ್ಲಿ ಏನೂ ಗೊತ್ತಾಗುವುದಿಲ್ಲ, ಕುದುರೆಗೆ ಮೂತಿ ಇಟ್ಟ ಕೂಡಲೇ ಚುರುಕ್ ಅನ್ನುತ್ತದೆ. ಬಾಯಾರಿದ್ದರೂ ತೊಟ್ಟಿಯ ಹತ್ತಿರ ಹೋಗಿ ಹಿಂದೆ ಸರಿಯುವ ಕುದುರೆ ಕಂಡರೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅಲ್ಲಿಯವರೆಗೆ ಬಕೆಟ್‌ನಲ್ಲಿ ನೀರು ಕೊಡಿ.

ಕರೆಂಟನ್ನೇ ನಂಬಿ ಕೂರುವ ಹಾಗೂ ಇಲ್ಲ. 2024ರ ಜನವರಿ 13 ನಿಮಗೆ ಯಾರಾದರೂ ಹೇಳಿರಬಹುದು. ಎಡ್ಮಂಟನ್ ವಿಮಾನ ನಿಲ್ದಾಣದ ಹತ್ತಿರ ಉಷ್ಣಾಂಶ ಮೈನಸ್ 45.9ಕ್ಕೆ ಇಳಿದ ದಿನಗಳು ಅವು. ಆ ಸಂಜೆ ಇಡೀ ಆಲ್ಬರ್ಟಾದ ಮೊಬೈಲುಗಳು ಒಟ್ಟಿಗೆ ಕಿರುಚಿದವು. ವಿದ್ಯುತ್ ಸಾಲುತ್ತಿಲ್ಲ, ಬೇಡದ್ದನ್ನೆಲ್ಲ ಆರಿಸಿ ಅಂತ ಸರ್ಕಾರದ ತುರ್ತು ಸಂದೇಶ. ಜನ ಆರಿಸಿದರು, ಕರೆಂಟ್ ಹೋಗಲಿಲ್ಲ. ಆದರೆ ಆ ರಾತ್ರಿ ಹೋಗಿದ್ದರೆ ಸಾವಿರಾರು ತೊಟ್ಟಿಗಳು ಕೆಲವೇ ಗಂಟೆಯಲ್ಲಿ ಕಲ್ಲಾಗುತ್ತಿದ್ದವು. ನಿಮ್ಮ ಲಾಯದಲ್ಲಿ ಜನರೇಟರ್ ಇದೆಯಾ, ಐಸ್ ಒಡೆಯಲು ಕೊಡಲಿ ಇದೆಯಾ ನೋಡಿಕೊಳ್ಳಿ.

ನಿಮ್ಮ ಮಗಳು ಮಾಡಬಹುದಾದ ಒಳ್ಳೆಯ ಸೇವೆ ಒಂದಿದೆ. ಹೋದ ದಿನವೆಲ್ಲ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ಕೊಡುವುದು. ಬಿಸಿ ಬೇಡ, 10-18 ಡಿಗ್ರಿ ಇದ್ದರೆ ಸಾಕು. ಚಳಿಯಲ್ಲಿ ಬೆಚ್ಚಗಿನ ನೀರು ಕೊಟ್ಟಾಗ ಕುದುರೆಗಳು ಗಮನಾರ್ಹವಾಗಿ ಹೆಚ್ಚು ಕುಡಿಯುತ್ತವೆ ಅಂತ ಅಮೆರಿಕದಲ್ಲಿ ಪೋನಿಗಳ (ಗಿಡ್ಡ ತಳಿಯ ಕುದುರೆಗಳ) ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡಿದೆ. ಹುಲ್ಲು ತಿಂದ ಮೇಲೆ ಮತ್ತು ಸವಾರಿ ಮುಗಿದು ಉಸಿರು ತಹಬಂದಿಗೆ ಬಂದ ಮೇಲೆ ಇಟ್ಟರೆ ಚೆನ್ನಾಗಿ ಕುಡಿಯುತ್ತದೆ. ದಿನಕ್ಕೆ ಒಂದೆರಡು ದೊಡ್ಡ ಚಮಚ ಪುಡಿ ಉಪ್ಪನ್ನು ಮೇವಿನಲ್ಲಿ ಬೆರೆಸುವುದೂ ಒಳ್ಳೆಯದು. ಉಪ್ಪಿನ ಗಟ್ಟಿಯನ್ನು ಬೇಸಿಗೆಯಲ್ಲಿ ನೆಕ್ಕುತ್ತವೆ, ಮೈನಸ್ 25ರಲ್ಲಿ ಕಲ್ಲಿನಂತಾದ ಗಟ್ಟಿಗೆ ನಾಲಿಗೆ ಹಚ್ಚುವ ಮನಸ್ಸು ಅವಕ್ಕೂ ಇರುವುದಿಲ್ಲ.

ಇನ್ನು ಬ್ಲಾಂಕೆಟ್. ನನ್ನ ಮೊದಲ ಚಳಿಗಾಲದ ಒಂದು ತಪ್ಪು ಹೇಳುತ್ತೇನೆ, ಇವತ್ತಿಗೂ ಮನಸ್ಸಿನಲ್ಲಿದೆ. ಪರಿಚಯದವರ ವಯಸ್ಸಾದ ಪೋನಿಗೆ ದಪ್ಪ ಬ್ಲಾಂಕೆಟ್ ಹೊದಿಸಿ ಅಂತ ಡಿಸೆಂಬರಿನಲ್ಲಿ ನಾನೇ ಹೇಳಿದ್ದೆ. ಹೊದಿಸಿದರು. ಹೊರಗಿನಿಂದ ದುಂಡಗೆ, ಬೆಚ್ಚಗೆ ಕಾಣುತ್ತಿತ್ತು. ಮಾರ್ಚ್ ಕೊನೆಗೆ ಬ್ಲಾಂಕೆಟ್ ತೆಗೆದಾಗ ಪಕ್ಕೆಲುಬು ಎಣಿಸುವ ಹಾಗಿತ್ತು, ಹೆಗಲ ಮೇಲೆ ಪಟ್ಟಿ ಉಜ್ಜಿ ಗಾಯ. ಮೂರು ತಿಂಗಳು ಯಾರೂ ಒಳಗೆ ಕೈ ಹಾಕಿ ನೋಡಿರಲಿಲ್ಲ. ಹಾಗೆ ನೋಡಬೇಕು ಅಂತ ನಾನೂ ಹೇಳಿರಲಿಲ್ಲ. ಪೋನಿ ಬದುಕಿತು, ಆದರೆ ಸುಧಾರಿಸಿಕೊಳ್ಳಲು ಇಡೀ ಬೇಸಿಗೆ ಬೇಕಾಯಿತು.

ಹಾಗಂತ ಬ್ಲಾಂಕೆಟ್ ಕೆಟ್ಟದ್ದಲ್ಲ. ಕೂದಲು ಕತ್ತರಿಸಿದ ಕುದುರೆಗೆ ಬೇಕು. ಬಡಕಲಾದದ್ದಕ್ಕೆ, ಕಾಯಿಲೆಯದ್ದಕ್ಕೆ, ತೀರಾ ಮುದಿಯದ್ದಕ್ಕೆ ಬೇಕು. ಬೆಚ್ಚಗಿನ ನಾಡಿನಿಂದ ಈಗಷ್ಟೇ ಬಂದು ಕೂದಲು ಬೆಳೆಯದೆ ಇದ್ದದ್ದಕ್ಕೆ ಬೇಕು. ಗಾಳಿ ಮಳೆಯಿಂದ ಮರೆ ಇಲ್ಲದ ಬಯಲಲ್ಲಿ ನಿಂತದ್ದಕ್ಕೆ ಬೇಕು. ನಿಮ್ಮ ಕುದುರೆ ಇವುಗಳಲ್ಲಿ ಒಂದೂ ಅಲ್ಲದಿದ್ದರೆ, ದಪ್ಪ ಕೂದಲು ಬಂದಿದ್ದರೆ, ನಾನು ಹೊದಿಸುವುದಿಲ್ಲ. ತೆಳುವಾದ ಬ್ಲಾಂಕೆಟ್ ಕೂದಲನ್ನು ಅದುಮಿ ಮಲಗಿಸುತ್ತದೆ. ಕೂದಲ ನಡುವಿನ ಗಾಳಿ ಹೋಯಿತು, ಬ್ಲಾಂಕೆಟ್‌ನಲ್ಲಿ ಅದಕ್ಕೆ ಸಮನಾದ ಹತ್ತಿ ಇಲ್ಲ. ಇದ್ದ ಕಂಬಳಿ ಕಿತ್ತುಕೊಂಡು ಪಂಚೆ ಹೊದಿಸಿದ ಹಾಗಾಯಿತು. ಹೊದಿಸಲೇಬೇಕಾದರೆ ಒಣಗಿದ ಮೈಗೆ ಮಾತ್ರ, ಒಳಗೆ ಸಾಕಷ್ಟು ತುಂಬಣಿಯಿದ್ದು ಹೊರಗೆ ನೀರು ಇಳಿಯದ್ದನ್ನು ಹೊದಿಸಿ. ದಿನಕ್ಕೆ ಒಮ್ಮೆ ತೆಗೆದು ಮೈ ನೋಡಬೇಕು.

ನಿಮ್ಮ ಊರಿಗೆ ಇನ್ನೊಂದು ವಿಶೇಷ ಇದೆ, ಚಿನೂಕ್ ಗಾಳಿ. ರಾಕಿ ಬೆಟ್ಟಗಳನ್ನು ದಾಟಿ ಇಳಿಯುವ ಒಣ ಬಿಸಿ ಗಾಳಿ. ಬೆಳಿಗ್ಗೆ ಮೈನಸ್ 18, ಮಧ್ಯಾಹ್ನ ಪ್ಲಸ್ 6. ಬೆಳಿಗ್ಗೆ ಹೊದಿಸಿದ ದಪ್ಪ ಬ್ಲಾಂಕೆಟ್‌ನ ಒಳಗೆ ಕುದುರೆ ಮಧ್ಯಾಹ್ನ ಬೆವರುತ್ತದೆ, ಸಂಜೆ ಮತ್ತೆ ಚಳಿ ಬಿದ್ದಾಗ ಆ ಬೆವರಿನಲ್ಲೇ ನಿಂತಿರುತ್ತದೆ. ನೀವು ವಾರಕ್ಕೆ ಮೂರು ದಿನ ಹೋಗುವವರು. ಉಳಿದ ನಾಲ್ಕು ದಿನ ಮಧ್ಯಾಹ್ನ ಬ್ಲಾಂಕೆಟ್ ತೆಗೆಯುವವರು ಯಾರು ಅನ್ನುವುದು ಗೊತ್ತಾಗುವವರೆಗೆ ಕೊಳ್ಳಬೇಡಿ.

ಬ್ಲಾಂಕೆಟ್‌ನ ದುಡ್ಡು ಉಳಿದರೆ ಗಾಳಿ ಮರೆಗೆ ಹಾಕಬೇಕು ಅಂತ ಲಾಯದವರಿಗೆ ಹೇಳಲು ನನಗೆ ಆಸೆ. ಮೂರು ಕಡೆ ಗೋಡೆ, ಒಂದು ಕಡೆ ಬಯಲು, ಮೇಲೊಂದು ಸೂರು. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿದ ಇಂಥ ಕೊಟ್ಟಿಗೆ ಇದ್ದರೆ ಕುದುರೆಗೆ ಸಾಕು. ಬೇಕಾದಾಗ ಒಳಗೆ ಹೋಗುತ್ತದೆ, ಬೇಡದಾಗ ಹೊರಗೆ ಬರುತ್ತದೆ. ಮೈನಸ್ 20ರಲ್ಲೂ ಕೊಟ್ಟಿಗೆ ಖಾಲಿ ಬಿಟ್ಟು ಬಿಸಿಲಲ್ಲಿ ನಿಂತಿರುವುದನ್ನು ನೋಡಿ ಮಗಳಿಗೆ ಆಶ್ಚರ್ಯವಾಗಬಹುದು. ಪಕ್ಕಾ ಲಾಯದ ಒಳಗೆ ಕಟ್ಟುವುದಾದರೂ ಕಿಟಕಿ ಬಾಗಿಲು ಸಂದುಗಳನ್ನೆಲ್ಲ ಮುಚ್ಚಬಾರದು. ಒಳಗೆ ಕಾಲಿಟ್ಟಾಗ ಮೂತ್ರದ ಘಾಟು ಕಣ್ಣಿಗೆ ಹತ್ತಿದರೆ ಅದು ಕುದುರೆಯ ಶ್ವಾಸಕೋಶಕ್ಕೂ ಹತ್ತುತ್ತಿದೆ. ಬೆಚ್ಚಗಿನ ಕೆಟ್ಟ ಗಾಳಿಗಿಂತ ತಣ್ಣಗಿನ ಒಳ್ಳೆ ಗಾಳಿ ವಾಸಿ.

ಕುದುರೆಗೆ ನಿಜವಾಗಿ ಚಳಿಯಾಗುತ್ತಿದೆಯಾ ಅಂತ ನೋಡುವುದು ಹೇಗೆ? ಕಿವಿ ಮುಟ್ಟಿ ನಿರ್ಧಾರ ಮಾಡಬೇಡಿ, ಕಿವಿ ತಣ್ಣಗಿರುವುದು ಸಹಜ. ಕೈಗವಸು ತೆಗೆದು ಮುಂಗಾಲಿನ ಹಿಂದೆ, ಪಕ್ಕೆಯ ಮೇಲೆ ಕೂದಲೊಳಗೆ ಬೆರಳು ಇಳಿಸಿ ಚರ್ಮ ಮುಟ್ಟಿ. ಬೆಚ್ಚಗಿದ್ದರೆ ಸರಿ. ಹಾಗೇ ಪಕ್ಕೆಲುಬಿನ ಮೇಲೆ ಕೈ ಆಡಿಸಿ. ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗಬೇಕು. ಚಳಿಗಾಲದ ಕೂದಲು ಬಡಕಲುತನವನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಕಣ್ಣನ್ನು ನಂಬಬೇಡಿ. ಗಾಳಿಗೆ ಹಿಂಭಾಗ ತಿರುಗಿಸಿ, ತಲೆ ತಗ್ಗಿಸಿ ಗುಂಪಾಗಿ ನಿಂತಿರುವುದು ಒಳ್ಳೆಯ ಜಾಣತನ, ದುಃಖವಲ್ಲ. ಸ್ವಲ್ಪ ಹೊತ್ತು ನಡುಗಿ ನಿಲ್ಲಿಸಿದರೂ ಗಾಬರಿ ಬೇಡ. ಬಿಡದೆ ನಡುಗುತ್ತಿದ್ದರೆ, ಬಾಲ ಒತ್ತಿಕೊಂಡು ಮಂಕಾಗಿ ನಿಂತಿದ್ದರೆ, ಹುಲ್ಲಿಗೆ ಬರದಿದ್ದರೆ ಒಳಗೆ ಕರೆತಂದು ಒರೆಸಿ, ಹುಲ್ಲು ಹಾಕಿ, ಜ್ವರ ನೋಡಿ. ಕುದುರೆಯ ಸಹಜ ಮೈಶಾಖ 37.2ರಿಂದ 38.3 ಡಿಗ್ರಿ. 37ಕ್ಕಿಂತ ಕೆಳಗೆ ಇಳಿದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಸವಾರಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೈನಸ್ 10ರವರೆಗೆ, ನೆಲ ಚೆನ್ನಾಗಿದ್ದರೆ, ಮಾಮೂಲಿ ಸವಾರಿ. ಅಲ್ಲಿಂದ ಮೈನಸ್ 20ರವರೆಗೆ ನಡಿಗೆ, ಸ್ವಲ್ಪ ಟ್ರಾಟ್ (ನಿಧಾನದ ಓಟ), ಅಷ್ಟೇ. ಮೈನಸ್ 20 ದಾಟಿದರೆ ನನ್ನ ಮಾತಿನಲ್ಲಿ ಸವಾರಿ ಇಲ್ಲ. ಬೇರೆಯವರು ಒಂದೆರಡು ಡಿಗ್ರಿ ಆಚೆ ಈಚೆ ಹೇಳಬಹುದು. ಕಾರಣ ಶ್ವಾಸಕೋಶ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ನಮ್ಮ ಹಾಗೆ ಬಾಯಿಂದ ಆಗುವುದಿಲ್ಲ. ನಿಂತಾಗ ನಿಮಿಷಕ್ಕೆ 8ರಿಂದ 16 ಉಸಿರು. ಆ ಉದ್ದನೆ ಮೂಗಿನಲ್ಲಿ ಗಾಳಿ ನಿಧಾನವಾಗಿ ಹೋಗುತ್ತಾ ಬೆಚ್ಚಗಾಗಿ, ತೇವವಾಗಿ ಒಳಗೆ ಸೇರುತ್ತದೆ. ಜೋರಾಗಿ ಓಡುವಾಗ ಒಂದೊಂದು ನೆಗೆತಕ್ಕೂ ಒಂದು ಉಸಿರು, ನಿಮಿಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಗಾಳಿ. ಅಷ್ಟನ್ನು ಬೆಚ್ಚಗೆ ಮಾಡಲು ಮೂಗಿಗೆ ಆಗುವುದಿಲ್ಲ. ತಣ್ಣಗಿನ ಒಣ ಗಾಳಿ ಶ್ವಾಸನಾಳದ ಒಳಪದರವನ್ನು ಒಣಗಿಸಿ ಕೆಣಕುತ್ತದೆ. ಆ ದಿನ ಏನೂ ಕಾಣದೆ ಇರಬಹುದು. ಆಮೇಲೆ ಕೆಮ್ಮು ಶುರುವಾಗಬಹುದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹವಾಮಾನದವರು ಎರಡು ಸಂಖ್ಯೆ ಹೇಳುತ್ತಾರೆ. ಒಂದು ನಿಜವಾದ ಉಷ್ಣಾಂಶ, ಇನ್ನೊಂದು ‘ವಿಂಡ್ ಚಿಲ್’, ಅಂದರೆ ಗಾಳಿ ಬೀಸುವಾಗ ಮೈಗೆ ಅನ್ನಿಸುವ ಚಳಿ. ಈ ಎರಡನೆಯದು ಮನುಷ್ಯರ ಬರಿ ಮುಖದ ಚರ್ಮಕ್ಕೆ ಮಾಡಿದ ಲೆಕ್ಕ. ಕುದುರೆಯ ಶ್ವಾಸಕೋಶಕ್ಕೆ ತಟ್ಟುವುದು ಗಾಳಿಯ ನಿಜವಾದ ಉಷ್ಣಾಂಶ. ಹಾಗಾಗಿ ಕುದುರೆಯನ್ನು ಓಡಿಸುವುದು ಬಿಡುವುದು ಮೊದಲನೆಯ ಸಂಖ್ಯೆ ನೋಡಿ, ಮಗಳನ್ನು ಕರೆದುಕೊಂಡು ಹೋಗುವುದು ಬಿಡುವುದು ಎರಡನೆಯದನ್ನು ನೋಡಿ ನಿರ್ಧರಿಸಿ. ಬಯಲಲ್ಲಿ ನಿಂತ ಕುದುರೆಗೂ ಜೋರು ಗಾಳಿ ಕೂದಲನ್ನು ಕೆದರಿ ಶಾಖ ಕಸಿಯುತ್ತದೆ, ಅದಕ್ಕೇ ಮರೆ ಬೇಕು ಅಂದದ್ದು.

ಸವಾರಿಯ ದಿನ ಕಡಿವಾಣದಿಂದ ಶುರು ಮಾಡಿ. ಮೈನಸ್ 15ರಲ್ಲಿ ಗೂಟಕ್ಕೆ ನೇತುಹಾಕಿದ್ದ ಕಬ್ಬಿಣವನ್ನು ಹಾಗೇ ಬಾಯಿಗೆ ಇಟ್ಟರೆ ನಾಲಿಗೆ, ತುಟಿ ಅಂಟಿಕೊಂಡು ಚರ್ಮ ಕಿತ್ತು ಬರುತ್ತದೆ. ಕಡಿವಾಣವನ್ನು ಮಗಳು ಕೋಟಿನೊಳಗೆ ಹತ್ತು ನಿಮಿಷ ಇಟ್ಟುಕೊಳ್ಳಲಿ, ಅಥವಾ ಮನೆಯಿಂದಲೇ ಬೆಚ್ಚಗೆ ತರಲಿ. ಹತ್ತಿದ ಮೇಲೆ ಹದಿನೈದು ನಿಮಿಷ ಬರೀ ನಡಿಗೆ. ಚಳಿಯಲ್ಲಿ ಸ್ನಾಯುಗಳು ಬಿಗಿದಿರುತ್ತವೆ, 17 ವರ್ಷದ ಕೀಲುಗಳು ಇನ್ನೂ ಬಿಗಿ. ಸೊಂಟದ ಮೇಲೆ ಉಣ್ಣೆಯ ಹೊದಿಕೆ ಹಾಕಿ ನಡೆಸಿದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ನಿಯಮ, ಬೆವರಿಸಬೇಡಿ. ಕುದುರೆ ನಮ್ಮ ಹಾಗೆ ಇಡೀ ಮೈಯಿಂದ ಬೆವರುವ ಪ್ರಾಣಿ. ಈ ಗುಣ ಅಂಟಾರ್ಕ್ಟಿಕಾದಲ್ಲಿ ಕುದುರೆಗಳನ್ನು ತುಂಬ ಕಾಡಿತು. ಬ್ರಿಟಿಷರ ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಟಾಗ 19 ಪೋನಿಗಳನ್ನು ಹಡಗಿನಲ್ಲಿ ಒಯ್ದಿದ್ದ. ಅವನ್ನು ನೋಡಿಕೊಂಡವನು ಕ್ಯಾಪ್ಟನ್ ಓಟ್ಸ್. ಹಿಮದಲ್ಲಿ ಹೊಟ್ಟೆಮಟ್ಟ ಹೂತು ಎಳೆಯುತ್ತಾ ಬೆವರುತ್ತಿದ್ದವು, ನಿಂತ ಕೂಡಲೇ ಆ ಬೆವರು ಮೈಮೇಲೆ ಹೆಪ್ಪುಗಟ್ಟುತ್ತಿತ್ತು. ಪ್ರತಿ ತಂಗುದಾಣದಲ್ಲೂ ಸುಸ್ತಾದ ಆ ಜನ ಹಿಮದ ಇಟ್ಟಿಗೆ ಕೊರೆದು ಪೋನಿಗಳಿಗೆ ಗಾಳಿ ಮರೆಯ ಗೋಡೆ ಕಟ್ಟುತ್ತಿದ್ದರು. ದಕ್ಷಿಣಕ್ಕೆ ಹೊರಟ ಹತ್ತರಲ್ಲಿ 1911ರ ಡಿಸೆಂಬರ್ 9ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಅವರಿಗಿಂತ ಮುಂಚೆ ಧ್ರುವ ಮುಟ್ಟಿದ ಅಮುಂಡ್ಸೆನ್ ನಾಯಿಗಳನ್ನು ಕಟ್ಟಿಕೊಂಡು ಹೋಗಿದ್ದ. ನಾಯಿ ಮೈಯಿಂದ ಬೆವರುವುದಿಲ್ಲ.

ನಿಮ್ಮ ಲಾಯದಲ್ಲಿ ಅಷ್ಟು ಕಠಿಣ ಪರಿಸ್ಥಿತಿ ಇಲ್ಲ, ನೆನಪಿಗೆ ಹೇಳಿದೆ. ಸವಾರಿಯ ಕೊನೆಯ ಹದಿನೈದು ನಿಮಿಷ ಮತ್ತೆ ನಡಿಗೆ. ಇಳಿದ ಮೇಲೆ ಜೀನಿನ ಕೆಳಗೆ, ಎದೆಯಲ್ಲಿ, ಕಿವಿಯ ಹಿಂದೆ ಕೈ ಹಾಕಿ ನೋಡಿ. ತೇವ ಇದ್ದರೆ ಒಣ ಟವೆಲಿನಿಂದಲೋ ಹಿಡಿಯಷ್ಟು ಒಣಹುಲ್ಲಿನಿಂದಲೋ ಕೂದಲಿನ ಎದುರು ದಿಕ್ಕಿಗೆ ಉಜ್ಜಿ. ಮೇಲೆ ಉಣ್ಣೆಯ ಹೊದಿಕೆ ಹಾಕಿದರೆ ತೇವವನ್ನು ಅದು ಹೀರಿ ಹೊರಗೆ ತರುತ್ತದೆ. ಹೊದಿಕೆಯ ಮೇಲ್ಭಾಗದಲ್ಲಿ ಇಬ್ಬನಿಯ ಹಾಗೆ ಹನಿಗಳು ಕಾಣುತ್ತವೆ, ನೋಡಲು ಚಂದ. ಬುಡದವರೆಗೆ ಒಣಗಿದ ಮೇಲೆಯೇ ಹೊರಗೆ ಬಿಡಿ. ಇದಕ್ಕೆ ಒಂದು ಗಂಟೆ ಹಿಡಿಯಬಹುದು. ಆ ಗಂಟೆ ನಿಮ್ಮ ಹತ್ತಿರ ಇಲ್ಲದ ದಿನ ಟ್ರಾಟ್ ಕೂಡ ಬೇಡ.

ಗೊರಸಿನ ಬಗ್ಗೆ ಒಂದೆರಡು ಮಾತು. ಲಾಳ ಹೊಡೆದ ಕುದುರೆ ಹಿಮದಲ್ಲಿ ನಡೆದರೆ ಅಂಗಾಲಿನ ಬಿಸಿಗೆ ಹಿಮ ಕರಗುತ್ತದೆ, ತಣ್ಣಗಿನ ಕಬ್ಬಿಣಕ್ಕೆ ತಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ನೋಡನೋಡುತ್ತಾ ನಾಲ್ಕೂ ಕಾಲಿಗೆ ಐಸಿನ ಉಂಡೆ. ಕಾಲು ಉಳುಕಲು, ಜಾರಲು ಅಷ್ಟು ಸಾಕು. ಚಳಿಗಾಲಕ್ಕೆ ಲಾಳ ತೆಗೆಸಿಬಿಡುವುದು ಸುಲಭದ ದಾರಿ. ಬರಿ ಗೊರಸಿಗೆ ಹಿಡಿತವೂ ಹೆಚ್ಚು. ಲಾಳ ಇರಲೇಬೇಕಾದರೆ ಹಿಮ ಅಂಟದ ಪ್ಯಾಡ್, ಜಾರದಂತೆ ತಡೆಯುವ ಮೊಳೆ ಹಾಕಿಕೊಡಿ ಅಂತ ಲಾಳ ಹೊಡೆಯುವವರನ್ನು ಕೇಳಿ. ಮಂಜುಗಡ್ಡೆಯಾದ ದಾರಿಗೆ ಮರಳು ಚೆಲ್ಲಬೇಕು. ಅದರ ಮೇಲೆ ಸವಾರಿ ಬೇಡವೇ ಬೇಡ.

ಮಗಳ ಬೂಟು ನೋಡಿ. ಚಳಿಗೆ ಅಂತ ದಪ್ಪನೆಯ ಹಿಮದ ಬೂಟು ಹಾಕಿಸಿ ಕುದುರೆ ಹತ್ತಿಸಿದರೆ ಬಿದ್ದಾಗ ಕಾಲು ರಿಕಾಪಿನಲ್ಲಿ (ಜೀನಿನಿಂದ ನೇತಾಡುವ, ಪಾದ ಇಡುವ ಬಳೆಯಲ್ಲಿ) ಸಿಕ್ಕಿಕೊಳ್ಳುತ್ತದೆ. ಅದೊಂದು ಪ್ರಾಣಾಪಾಯದ ವಿಷಯ. ಚಳಿಗಾಲಕ್ಕೆಂದೇ ಮಾಡಿದ ಸವಾರಿ ಬೂಟು ಸಿಗುತ್ತದೆ, ಇಲ್ಲವೇ ಅಗಲದ ರಿಕಾಪು ಹಾಕಿಸಿ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಬೆವರು ಹಿಡಿದಿಟ್ಟುಕೊಂಡು ತಣ್ಣಗಾಗುತ್ತದೆ.

ಮೈನಸ್ 25ರ ದಿನ ಸವಾರಿ ಇಲ್ಲ ಅಂದರೆ ಅವಳಿಗೆ ಬೇಜಾರಾಗುತ್ತದೆ. ಆ ದಿನಗಳಿಗೆ ಒಂದು ಕೆಲಸ ಕೊಡಿ. ಒಂದು ನೋಟ್‌ಬುಕ್ ಮಾಡಿಕೊಳ್ಳಲಿ. ಹೋದಾಗೆಲ್ಲ ಲದ್ದಿ ಹೇಗಿದೆ, ಬಕೆಟ್ ನೀರು ಎಷ್ಟು ಖಾಲಿಯಾಯಿತು, ಪಕ್ಕೆಲುಬು ಬೆರಳಿಗೆ ಎಷ್ಟು ಸಿಗುತ್ತಿದೆ ಅಂತ ಬರೆಯಲಿ. ಸೊಂಟ, ಎದೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ಅಳೆಯಲಿ. ಫೆಬ್ರವರಿ ಕೊನೆಗೆ ಹಗಲು ಉದ್ದವಾದಂತೆ ಬ್ರಷ್‌ನಲ್ಲಿ ಕೂದಲು ಬರತೊಡಗುತ್ತದೆ. ಮೊದಲ ಹಿಡಿ ಕೂದಲು ಬಂದ ದಿನದ ತಾರೀಖನ್ನೂ ಬರೆದಿಟ್ಟುಕೊಳ್ಳಲಿ. ಬೇಕಾದರೆ ಆ ನೋಟ್‌ಬುಕ್‌ನ ಪುಟಗಳ ಫೋಟೋ ನನಗೆ ಕಳಿಸಿ, ನೋಡಿ ಹೇಳುತ್ತೇನೆ.